ಸೋಡಾ ಮಾವನ ಐಸ್ ಬಾಕ್ಸು

ಕಳೆದ ತಿಂಗಳು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಇಳಿದೆ. ಯಳಂದೂರಿನ ನಮ್ಮ ಶಾಲೆಯಿಂದ ಏನೋ ತರಬೇತಿಗೆಂದು ಬಂದವಳು. ಬಿಸಿಲಿಗೆ ನೆತ್ತಿ ಸುಡುತ್ತಿತ್ತು. ತಳ್ಳುಗಾಡಿಯವನೊಬ್ಬ ಗಾಜಿನ ಲೋಟಕ್ಕೆ ಕಂದು ಬಣ್ಣದ ಶರಬತ್ತು ಸುರಿದು, ನಿಂಬೆಹಣ್ಣು ಹಿಂಡಿ, ಮೇಲೆ ಸೋಡಾ ಬಿಟ್ಟ. ನೊರೆ ಉಕ್ಕಿತು. ನೊರೆಯ ಜೊತೆ ನನ್ನಾರಿ ಬೇರಿನ ವಾಸನೆಯೂ ಎದ್ದು ಬಂತು... ನಾನು ನಿಂತಲ್ಲೇ ನಿಂತುಬಿಟ್ಟೆ.

“ಕುಡೀರಿ ಮೇಡಂ, ತಂಪು” ಅಂದ ಗಾಡಿಯವನು.

ನಾನು ಅದನ್ನು ಕುಡಿಯುವಂತಿಲ್ಲ. ಹತ್ತನೇ ವಯಸ್ಸಿನಿಂದಲೂ ಕುಡಿಯುವಂತಿಲ್ಲ. ನನ್ನ ಕೈಚೀಲದಲ್ಲಿ ಪುಸ್ತಕ, ಊಟದ ಡಬ್ಬಿ, ಕೊಡೆಗಳ ಜೊತೆ ಇನ್ಸುಲಿನ್ ಇಡುವ ಒಂದು ತಣ್ಣನೆಯ ಚೀಲವೂ ಯಾವಾಗಲೂ ಇರುತ್ತದೆ. ಆದರೂ ಆ ಶರಬತ್ತಿನ ವಾಸನೆಯಷ್ಟು ನನ್ನದು ಅನ್ನಿಸುವ ವಾಸನೆ ಇನ್ನೊಂದಿಲ್ಲ. ಅದು ಸೋಡಾ ಮಾವನ ಅಂಗಡಿಯ ವಾಸನೆ.

ನನಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ನಾನು ಐದನೇ ಕ್ಲಾಸಿನಲ್ಲಿದ್ದೆ. ಲೊಕ್ಕನಹಳ್ಳಿಯಿಂದ ಕಾಡಿನ ಕಡೆಗೆ ಇನ್ನಷ್ಟು ದೂರ ಹೋದರೆ ಸಿಗುವ ಊರು ನಮ್ಮದು. ಅಪ್ಪ ಪಂಚಾಯಿತಿಯ ನೀರುಗಂಟಿ. ಊರಿನ ಟ್ಯಾಂಕು ತುಂಬಿಸಿ ಬೀದಿ ಬೀದಿಗೆ ನೀರು ಬಿಡುವುದು ಅವನ ಕೆಲಸ. ಅವ್ವ ಹೊಲದ ಕೂಲಿಗೆ ಹೋಗುತ್ತಿದ್ದಳು. ಸಕ್ಕರೆ ಕಾಯಿಲೆ ಅಂದರೆ ಪೇಟೆಯ ದಪ್ಪ ಹೊಟ್ಟೆಯ ಯಜಮಾನರಿಗೆ ಬರುವುದು ಎಂದು ಊರೆಲ್ಲ ನಂಬಿತ್ತು. ಕಡ್ಡಿಯ ಹಾಗಿದ್ದ ನನಗೆ ಅದು ಬಂದದ್ದು ಯಾರಿಗೂ ಅರ್ಥವಾಗಲಿಲ್ಲ. ನೋಡಲು ಬಂದವರೆಲ್ಲ ನನ್ನನ್ನು ಒಂದು ಸಲ, ಅವ್ವನನ್ನು ಒಂದು ಸಲ ನೋಡಿ, ಈ ಮನೆಯಲ್ಲಿ ಅಷ್ಟೊಂದು ಸಕ್ಕರೆ ಎಲ್ಲಿತ್ತು ಎನ್ನುವಂತೆ ಮುಖ ಮಾಡಿಕೊಂಡು ಹೋಗುತ್ತಿದ್ದರು.

ಕೊಳ್ಳೇಗಾಲದ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಅಲ್ಲಿನ ನರ್ಸಮ್ಮ ನನ್ನನ್ನೂ ಅವ್ವನನ್ನೂ ಕೂರಿಸಿಕೊಂಡು ಎಲ್ಲ ಹೇಳಿಕೊಟ್ಟರು. ದಿನಕ್ಕೆ ಎರಡು ಸಲ ಸೂಜಿ. ಹಾಲಿನಂತಿರುವ ಮದ್ದಿನ ಸೀಸೆಯನ್ನು ಎರಡು ಅಂಗೈ ನಡುವೆ ಉರುಳಿಸಬೇಕು, ಕುಲುಕಬಾರದು. ಉಚ್ಚೆಯ ನಾಲ್ಕು ಹನಿಗಳನ್ನು ನೀಲಿ ದ್ರಾವಣದಲ್ಲಿ ಬೆರೆಸಿ ದೀಪದ ಮೇಲೆ ಕಾಯಿಸಬೇಕು. ನೀಲಿಯಾಗೇ ಉಳಿದರೆ ಒಳ್ಳೆಯದು, ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಕೆಟ್ಟದ್ದು. ಕೊನೆಗೆ ಅವರು ಹೇಳಿದ್ದು, “ಮದ್ದು ಫ್ರಿಜ್ಜಲ್ಲಿರಬೇಕು, ತಣ್ಣಗಿರಬೇಕು. ಆದ್ರೆ ಐಸ್ ಆಗಬಾರದು. ಐಸ್ ಆದ್ರೆ ಮದ್ದು ಸತ್ತೋಯ್ತು ಅಂತ ತಿಳ್ಕೊಳ್ಳಿ.”

ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಸೂಜಿ ಹಾಕುವುದನ್ನು ಕಲಿಯುವುದರಲ್ಲೇ ಅವಳ ಜೀವ ಅರ್ಧವಾಗಿತ್ತು. ಆ ಕೊನೆಯ ಮಾತು ಅವಳ ಕಿವಿಗೆ ಬಿದ್ದಿರಲಾರದು. ನನ್ನ ಕಿವಿಗೆ ಬಿದ್ದಿತ್ತು.

ಫ್ರಿಜ್ಜು ಎಲ್ಲಿಂದ ತರುವುದು? ಊರಿಗೆಲ್ಲ ಇದ್ದದ್ದು ಒಂದೇ ಒಂದು, ಸೋಡಾ ಮಾವನ ಅಂಗಡಿಯಲ್ಲಿ. ಕೊಳ್ಳೇಗಾಲದಲ್ಲಿ ಯಾರೋ ಬಳಸಿ ಬಿಟ್ಟ ಹಳೆಯ ಫ್ರಿಜ್ಜು ಅದು. ಶುರುವಾದಾಗಲೆಲ್ಲ ಮೈ ನಡುಗಿಸಿಕೊಂಡು ಗೊರಗೊರ ಅನ್ನುತ್ತಿತ್ತು. ಮಾವ ಗೋಲಿ ಸೋಡಾ ತುಂಬುತ್ತಿದ್ದ, ನನ್ನಾರಿ ಶರಬತ್ತು ಕಾಯಿಸುತ್ತಿದ್ದ, ಬೇಸಿಗೆಯಲ್ಲಿ ಐಸ್ ಕ್ಯಾಂಡಿ ಮಾಡುತ್ತಿದ್ದ. ಎಂದೋ ಒಂದು ಸೋಡಾ ಬಾಟಲು ಮುಖದ ಹತ್ತಿರವೇ ಸಿಡಿದು ಅವನ ಒಂದು ಕಿವಿ ಪೂರ್ತಿ ಮಂದವಾಗಿತ್ತು. ಇನ್ನೊಂದೂ ಅಷ್ಟಕ್ಕಷ್ಟೆ. ಅವನ ಹತ್ತಿರ ಮಾತಾಡಬೇಕಾದರೆ ನಾವು ಮಕ್ಕಳು ಕೂಗಬೇಕಿತ್ತು. ಸುಮ್ಮನೆ ಕೂಗಲು ಒಂದು ನೆಪ ಸಿಕ್ಕಿತು ಎಂದು ಕೂಗುತ್ತಲೂ ಇದ್ದೆವು.

ಅಪ್ಪ ಸಂಕೋಚದಿಂದ ಹೋಗಿ ಕೇಳಿದಾಗ ಮಾವ ಎರಡು ಸಲ “ಆ?” ಅಂದ. ಮೂರನೇ ಸಲಕ್ಕೆ ವಿಷಯ ತಿಳಿದು, ಎದ್ದು, ಫ್ರಿಜ್ಜಿನ ಬಾಗಿಲಿನ ಸಾಲಿನಲ್ಲಿದ್ದ ಬಾಟಲುಗಳನ್ನೆಲ್ಲ ತೆಗೆದು ಕೆಳಗಿಟ್ಟ.

“ಇದ್ನೂ ಬಂದು ಕೇಳ್ಬೇಕಾ? ಕೂಸಿನ ಮದ್ದು ಇಲ್ಲೇ ಇರ್ಲಿ. ಇನ್ಮ್ಯಾಕೆ ಈ ಜಾಗ ಅದ್ರದೇ” ಅಂದ.

ಅವನ ಹೆಂಡತಿ, ನಾನು ಅತ್ತೆ ಅನ್ನುತ್ತಿದ್ದವಳು, ಒಂದು ಪುಟ್ಟ ಸ್ಟೀಲ್ ಡಬ್ಬಿ ತೊಳೆದು ಒರೆಸಿ ತಂದಳು. ಸೀಸೆಯನ್ನು ಅದರಲ್ಲಿಟ್ಟು, ಮುಚ್ಚಳದ ಮೇಲೆ ಒಂದು ಬೊಟ್ಟು ಕುಂಕುಮ ಹಚ್ಚಿದಳು. ಬೇರೆ ಯಾರೂ ಮುಟ್ಟದಿರಲಿ ಎಂದೋ, ಮಾದಪ್ಪ ಕಾಯಲಿ ಎಂದೋ... ಎರಡೂ ಇರಬೇಕು.

ಅಂದಿನಿಂದ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನಾನು ಡಬ್ಬಿ ತರಲು ಹೋಗುತ್ತಿದ್ದೆ, ಸೂಜಿ ಹಾಕಿಸಿಕೊಂಡು ಮತ್ತೆ ಕೊಟ್ಟು ಬರುತ್ತಿದ್ದೆ. ಊರಿನಲ್ಲಿ ಸಿಹಿ ತಿನ್ನಬಾರದ ಒಂದೇ ಒಂದು ಮಗು ದಿನಕ್ಕೆ ನಾಲ್ಕು ಸಲ ಶರಬತ್ತಿನ ಅಂಗಡಿಯಲ್ಲಿ! ನನ್ನ ಜೊತೆಯವರು ಶರಬತ್ತು ಹೀರುತ್ತಾ ತುಟಿ ಚಪ್ಪರಿಸುತ್ತಿದ್ದರೆ ನಾನು ಡಬ್ಬಿ ಹಿಡಿದು ನಿಲ್ಲುತ್ತಿದ್ದೆ. ಮಾವ ಅದನ್ನು ನೋಡಿದ. ಒಂದು ದಿನ ಕುಡಿಯುವ ನೀರಿನ ಮಡಕೆಗೆ ಎರಡು ನನ್ನಾರಿ ಬೇರು ಹಾಕಿ, ಮರುದಿನ ಆ ನೀರನ್ನು ಶರಬತ್ತಿನ ಲೋಟದಲ್ಲೇ ಕೊಟ್ಟ. ಸಕ್ಕರೆ ಇಲ್ಲ, ಬರೀ ವಾಸನೆ. “ಇದು ನಿನ್ನ ಶರಬತ್ತು ಕೂಸು” ಅಂದ. ನಾನು ಎಲ್ಲರಿಗೂ ಕಾಣುವಂತೆ ಬೀದಿಯಲ್ಲಿ ನಿಂತು ಕುಡಿದೆ.

ಆರು ತಿಂಗಳು ಎಲ್ಲ ಚೆನ್ನಾಗಿತ್ತು. ನಾನು ಮೈ ತುಂಬಿಕೊಂಡಿದ್ದೆ. ಅವ್ವನ ದೀಪದ ಮೇಲೆ ನೀರು ನೀಲಿಯಾಗೇ ಉಳಿಯುತ್ತಿತ್ತು.

ಆಮೇಲೆ ಬೇಸಿಗೆ ಬಂತು. ಕರೆಂಟು ಬೆಳಿಗ್ಗೆ ಹೋದರೆ ಸಂಜೆಗೆ ಬರುತ್ತಿತ್ತು. ಫ್ರಿಜ್ಜಿನೊಳಗಿದ್ದ ಬಾಟಲುಗಳು ಬೆಚ್ಚಗಾಗುತ್ತಿದ್ದವು. ಮಾವನಿಗೆ ಅದೇ ಚಿಂತೆ. ಹತ್ತು ಸಲ ಡಬ್ಬಿ ಮುಟ್ಟಿ ನೋಡುವನು. ಒಂದು ದಿನ ನಾನು ಹೋದಾಗ ಫ್ರಿಜ್ಜಿನ ಮೇಲುಭಾಗದ ಐಸ್ ಬಾಕ್ಸಿನಿಂದ ಕ್ಯಾಂಡಿ ಅಚ್ಚುಗಳನ್ನೆಲ್ಲ ಹೊರಗೆ ತೆಗೆದು ತೊಳೆಯುತ್ತಿದ್ದ.

“ಮ್ಯಾಗ್ಲು ಬಾಕ್ಸಲ್ಲಿ ಮಡಗಿವ್ನಿ ಕಣವ್ವ ನಿನ್ ಮದ್ದ. ಕರೆಂಟು ಓದ್ರೂ ಅಲ್ಲಿ ಸಂಜೆಗಂಟ ತಣ್ಣಗಿರ್ತದ” ಅಂದ.

ಕ್ಯಾಂಡಿ ಕೇಳಿಕೊಂಡು ಬಂದ ಹುಡುಗರಿಗೆ, “ಈ ವರ್ಸ ಐಸ್ ಇಲ್ಲ, ಓಗ್ರಲಾ. ಅಲ್ಲಿ ಕೂಸಿನ ಮದ್ದದೆ” ಎಂದು ಗದರಿದ. ಅವನು ಬೇಸಿಗೆಗೆಂದೇ ಕಾಯುತ್ತಿದ್ದ ವ್ಯಾಪಾರ ಅದು. ಅದನ್ನು ಬಿಟ್ಟು ಇಡೀ ಐಸ್ ಬಾಕ್ಸನ್ನು ನನ್ನ ಬೆರಳುದ್ದದ ಸೀಸೆಗೆ ಕೊಟ್ಟುಬಿಟ್ಟ. ಊರಿನಲ್ಲಿ ಅದಕ್ಕಿಂತ ತಣ್ಣನೆಯ ಜಾಗ ಇರಲಿಲ್ಲ. ಇದ್ದಿದ್ದರೆ ಅಲ್ಲೇ ಇಡುತ್ತಿದ್ದ.

ಈಗ ನನ್ನ ಮಾತಿಗೆ ಬರುತ್ತೇನೆ. ಮರುದಿನ ಡಬ್ಬಿ ತೆಗೆದಾಗ ಅದರ ಸುತ್ತ ಬೆಳ್ಳಗೆ ಹಿಮ ಕಟ್ಟಿತ್ತು. ಒಳಗೆ ಸೀಸೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ನರ್ಸಮ್ಮನ ಮಾತು ನನಗೆ ನೆನಪಾಯಿತು. ಸುಳ್ಳು ಹೇಳುವುದಿಲ್ಲ, ಚೆನ್ನಾಗೇ ನೆನಪಾಯಿತು. ಆದರೆ ಅಷ್ಟರಲ್ಲಿ ನಾನು ಡಬ್ಬಿಯ ಮೇಲಿನ ಹಿಮವನ್ನು ಉಗುರಿನಿಂದ ಕೆರೆದು ಬಾಯಿಗೆ ಹಾಕಿಕೊಂಡಿದ್ದೆ. ಬಣ್ಣವಿಲ್ಲ, ಸಿಹಿಯಿಲ್ಲ, ಬರೀ ಐಸು. ನಾಲಗೆಯ ಮೇಲೆ ಚುರ್ ಅಂದು ಕರಗಿತು. ನಾನು ತಿನ್ನಬಹುದಾದ ಒಂದೇ ಐಸ್ ಕ್ಯಾಂಡಿ ಅದು! ಅದೂ ಊರಿನಲ್ಲಿ ಬೇರೆ ಯಾರಿಗೂ ಸಿಗದ ಬೇಸಿಗೆಯಲ್ಲಿ. ಹೇಳಿದರೆ ಮಾವ ಡಬ್ಬಿಯನ್ನು ಕೆಳಗೆ ಇಟ್ಟುಬಿಡುತ್ತಾನೆ... ನಾನು ಹೇಳಲಿಲ್ಲ.

ಮನೆಗೆ ಬರುವಾಗ ಬೇಕೆಂದೇ ನಿಧಾನ ಮಾಡಿ, ದಾರಿಯುದ್ದಕ್ಕೂ ಸೀಸೆಯನ್ನು ಮುಷ್ಟಿಯಲ್ಲಿ ಹಿಡಿದು ಬಿಸಿ ಮಾಡುತ್ತಿದ್ದೆ. ಬಾಗಿಲಿಗೆ ಬರುವಷ್ಟರಲ್ಲಿ ಕರಗಿರುತ್ತಿತ್ತು. ಅವ್ವ ಮುಟ್ಟಿ ನೋಡಿ, “ತಣ್ಣಗದೆ” ಎಂದು ಸಮಾಧಾನ ಪಡುತ್ತಿದ್ದಳು. ಹಾಲಿನಂಥ ಮದ್ದಿನಲ್ಲಿ ಸಣ್ಣ ಸಣ್ಣ ಕಾಳು ಕಾಣತೊಡಗಿದಾಗ, ಸರಿಯಾಗಿ ಉರುಳಿಸಿಲ್ಲವೆಂದು ತನ್ನನ್ನೇ ಬೈದುಕೊಂಡು ಇನ್ನಷ್ಟು ಹೊತ್ತು ಉರುಳಿಸುತ್ತಿದ್ದಳು.

ಹದಿನೈದು ದಿನಗಳಲ್ಲಿ ದೀಪದ ಮೇಲಿನ ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ಆಮೇಲೆ ಇಟ್ಟಿಗೆ ಬಣ್ಣ. ನನಗೆ ಎಷ್ಟು ನೀರು ಕುಡಿದರೂ ದಾಹ. ಅಂಗಿ ಜೋತುಬಿತ್ತು. ಅವ್ವ ನನ್ನ ಬಾಯಿ ಮೂಸಿ, “ಏನ್ ಕದ್ದು ತಿಂದ್ಯೇ? ನಿಜ ಯೋಳು” ಎಂದು ಗಲ್ಲ ಹಿಡಿದು ಕೇಳುವಳು. ಬೆಲ್ಲದ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದಳು. ಆಸ್ಪತ್ರೆಯಲ್ಲಿ ಮದ್ದಿನ ಅಳತೆ ಹೆಚ್ಚಿಸಿದರು. ಸತ್ತ ಮದ್ದನ್ನು ಎಷ್ಟು ಹೆಚ್ಚಿಸಿದರೇನು?

ಆಗ ಶುರುವಾಯಿತು ಅಪ್ಪ ಅವ್ವನ ಓಡಾಟ. ಹನೂರಿನ ಡಾಕ್ಟರ ಹತ್ತಿರ ಹೋದೆವು. ಶಾಗ್ಯದ ಕಡೆ ಒಬ್ಬರು ನೇರಳೆ ಬೀಜದ ಪುಡಿ ಕೊಡುತ್ತಾರೆಂದು ತಿಳಿದು ಅಪ್ಪ ಬೆಳಗಿನ ನೀರು ಬಿಟ್ಟು ಮುಗಿಸಿ ಸೈಕಲ್ಲಿನಲ್ಲಿ ಹೋಗಿ ತಂದ. ಹಾಗಲಕಾಯಿ ರಸ ಕುಡಿದು ಕುಡಿದು ನನ್ನ ನಾಲಗೆ ಮರಗಟ್ಟಿತು. ಬೆಟ್ಟದ ಮಾದಪ್ಪನಿಗೆ ಅವ್ವ ಮುಡಿ ಕೊಡುವ ಹರಕೆ ಹೊತ್ತಳು. ಒಡೆಯರಪಾಳ್ಯದ ಟಿಬೆಟಿನವರ ಕ್ಯಾಂಪಿನ ವೈದ್ಯರ ಹತ್ತಿರವೂ ಕರೆದುಕೊಂಡು ಹೋದರು. ಆ ಹಿರಿಯರು ನನ್ನ ಎರಡೂ ಕೈಯ ನಾಡಿಯನ್ನು ಬಹಳ ಹೊತ್ತು ಹಿಡಿದು ಕೂತರು. ಕಂದು ಬಣ್ಣದ ಗುಂಡು ಗುಳಿಗೆ ಕೊಟ್ಟು, ತಮ್ಮ ತುಂಡು ಕನ್ನಡದಲ್ಲಿ ಅವ್ವನಿಗೆ, “ಅಮ್ಮ, ಸೂಜಿ ಬಿಡಬೇಡ. ಸೂಜಿ ಮೊದಲು” ಎಂದು ಮೂರು ಸಲ ಹೇಳಿದರು. ಯಾರೂ ಸೂಜಿ ಬಿಡಿ ಅನ್ನಲಿಲ್ಲ. ಅವ್ವ ಒಂದು ಹೊತ್ತೂ ತಪ್ಪಿಸಲಿಲ್ಲ. ಸುತ್ತಲಿನ ಊರುಗಳಲ್ಲೆಲ್ಲ ಅವರು ಹುಡುಕಿದ ತಪ್ಪು ನಮ್ಮ ಬೀದಿಯ ಕೊನೆಯ ಅಂಗಡಿಯಲ್ಲಿತ್ತು. ಅದು ನನ್ನೊಬ್ಬಳಿಗೇ ಗೊತ್ತಿತ್ತು. ಗೊತ್ತಿತ್ತು ಅಂದರೆ... ಹತ್ತು ವರ್ಷದ ಮಗುವಿಗೆ ಗೊತ್ತಿರುವಷ್ಟು. ದಿನ ಕಳೆದಷ್ಟೂ ಹೇಳುವುದು ಕಷ್ಟವಾಯಿತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ಹಿಮ ತಿನ್ನುತ್ತಿದ್ದೆ ಅನ್ನಬೇಕಿತ್ತು.

ಪ್ರತಿ ಸಲ ನಾವು ಬಸ್ಸಿಳಿದು ಬಂದಾಗಲೂ ಮಾವ ಅಂಗಡಿಯಿಂದ ಎದ್ದು ಬಂದು ಕೇಳುವನು, “ಏನಂದ್ರು?” ಅಪ್ಪ ತಲೆ ಅಲ್ಲಾಡಿಸುವನು. ಮಾವ ಒಳಗೆ ಹೋಗಿ, ಐಸ್ ಬಾಕ್ಸಿನ ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ಒತ್ತಿ ನೋಡುವನು.

ಶಾಲೆ ಮತ್ತೆ ಶುರುವಾದ ವಾರವೇ ನಾನು ಪ್ರಾರ್ಥನೆಯ ಸಾಲಿನಲ್ಲಿ ಬಿದ್ದೆ. ಉಸಿರು ಏದುತ್ತಿತ್ತಂತೆ, ಕರೆದರೆ ಎಚ್ಚರವಿಲ್ಲ. ಹಾಲಿನ ಟೆಂಪೋದಲ್ಲಿ ಮಲಗಿಸಿಕೊಂಡು ಕೊಳ್ಳೇಗಾಲಕ್ಕೆ ಓಡಿದರು. ಕಣ್ಣು ಬಿಟ್ಟಾಗ ಮರುದಿನ ಬೆಳಗಾಗಿತ್ತು. ಕೈಗೆ ಡ್ರಿಪ್ಪು, ಕಾಲ ಬಳಿ ಅವ್ವ. ಅದೇ ನರ್ಸಮ್ಮ, “ಸೂಜಿ ಹಾಕ್ತಾನೇ ಇದ್ರೂ ಹಿಂಗ್ಯಾಕಾಯ್ತು?” ಎಂದು ಯೋಚಿಸುತ್ತಾ ನಿಂತಿದ್ದರು.

ಆಗ ಸೋಡಾ ಮಾವ ವಾರ್ಡಿಗೆ ಬಂದ. ಅವಸರದಲ್ಲಿ ಮದ್ದು ಊರಲ್ಲೇ ಉಳಿಯಿತಲ್ಲ, ಕೂಸಿಗೆ ಏನು ಮಾಡುತ್ತಾರೋ ಎಂದು ಹೆದರಿ ಮೊದಲ ಬಸ್ಸು ಹತ್ತಿ ಬಂದಿದ್ದ. ಎದೆಗೆ ಅವಚಿಕೊಂಡಿದ್ದ ಸೋಡಾ ಬಕೆಟ್ಟಿನ ತುಂಬ ಐಸು, ಮೇಲೆ ಒದ್ದೆ ಗೋಣಿ, ನಡುವೆ ಕುಂಕುಮದ ಡಬ್ಬಿ. ಅಂಗಿಯೆಲ್ಲ ನೆನೆದಿತ್ತು.

“ತಣ್ಣಗೇ ತಂದಿವ್ನಿ ಸಿಸ್ಟ್ರಮ್ಮ. ಒಂಚೂರೂ ಬಿಸ್ಲು ತಾಕ್ಸಿಲ್ಲ” ಎಂದು ಎರಡೂ ಕೈಯಿಂದ ಡಬ್ಬಿ ಕೊಟ್ಟ.

ನರ್ಸಮ್ಮ ಮುಚ್ಚಳ ತೆಗೆದರು. ಸೀಸೆಯನ್ನು ಬೋರಲು ಹಿಡಿದರು. ಒಳಗಿನದು ಅಲ್ಲಾಡಲಿಲ್ಲ. ಮೇಜಿಗೆ ಮೆಲ್ಲಗೆ ತಟ್ಟಿದರು, ಟಕ್ ಅಂದಿತು.

“ಎಷ್ಟು ದಿನದಿಂದ ಹಿಂಗಿಟ್ಟಿದ್ದೀರಿ?”

“ಯುಗಾದಿ ಆದಾಗಿಂದ. ಒಂದಿನಾನೂ ಬಿಸಿ ಆಗಾಕೆ ಬುಟ್ಟಿಲ್ಲ” ಅಂದ ಮಾವ, ಹೆಮ್ಮೆಯಿಂದ.

ನರ್ಸಮ್ಮ ಗಟ್ಟಿಯಾಗಿ, ಅವನಿಗೆ ಕೇಳುವಂತೆ, ವಿಷಯ ಹೇಳಿದರು. ಹೇಳಿ, ಅವ್ವನ ಕಡೆ ತಿರುಗಿ, “ಐಸ್ ಆಗಬಾರದು ಅಂತ ಅವತ್ತೇ ಹೇಳಿದ್ನಲ್ಲಮ್ಮ. ಯಾರಿಗೂ ನೆನಪಿರಲಿಲ್ವಾ?” ಅಂದರು.

ನಾನು ಕಣ್ಣು ಮುಚ್ಚಿಕೊಂಡೆ. ನಿದ್ದೆ ಬಂದವಳ ಹಾಗೆ.

ಅವ್ವ ಎದ್ದು ನಿಂತದ್ದು ಮಂಚ ಅಲ್ಲಾಡಿ ಗೊತ್ತಾಯಿತು. “ನನ್ ಕೂಸ ಸಾಯ್ಸ್ಬುಡ್ತಿದ್ದೆಯಲ್ಲಣ್ಣ! ನಂಬಿ ಕೊಟ್ರೆ ಹಿಂಗ್ ಮಾಡ್ಬುಟ್ಟೆಯಲ್ಲ!” ಅವಳು ಇನ್ನೂ ಏನೇನೋ ಅಂದಳು. ಆಮೇಲೆ ಮಾವನ ಬಕೆಟ್ಟಿನಿಂದ ನೀರು ನೆಲಕ್ಕೆ ತೊಟ್ಟಿಕ್ಕುವ ಸದ್ದು ಮಾತ್ರ ಬಹಳ ಹೊತ್ತು ಕೇಳುತ್ತಿತ್ತು.

ನಾವು ಊರಿಗೆ ಬಂದ ಮರುದಿನ ಮಾವ ಒಂದು ದೊಡ್ಡ ಮಡಕೆ, ಒಂದು ಸಣ್ಣ ಮಡಕೆ, ಒಂದು ಚೀಲ ಹೊಳೆ ಮರಳು ಹೊತ್ತುಕೊಂಡು ನಮ್ಮ ಜಗುಲಿಗೆ ಬಂದ. ಫ್ರಿಜ್ಜಿಲ್ಲದ ಮನೆಯಲ್ಲಿ ಮದ್ದನ್ನು ಹೇಗೆ ಕಾಪಾಡುವುದು ಎಂದು ನರ್ಸಮ್ಮನನ್ನು ಕೇಳಿ ಕಲಿತು ಬಂದಿದ್ದನಂತೆ. ದೊಡ್ಡ ಮಡಕೆಯಲ್ಲಿ ಮರಳು, ಮರಳಿನ ನಡುವೆ ಸಣ್ಣ ಮಡಕೆ, ಅದರೊಳಗೆ ಡಬ್ಬಿ. ಮರಳು ಒಣಗದಂತೆ ದಿನವೂ ನೀರು ಹಾಕಬೇಕು. ಅವ್ವ ಬಾಗಿಲಿನಲ್ಲಿ ನಿಂತಿದ್ದಳು, ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ.

ಆಮೇಲೆ ಐದು ವರ್ಷ, ದಿನವೂ ಮಧ್ಯಾಹ್ನ ಅವ್ವ ಕೂಲಿಗೆ, ನಾನು ಶಾಲೆಗೆ ಹೋದ ಹೊತ್ತಿನಲ್ಲಿ, ಮಾವ ಬಂದು ಆ ಮರಳಿಗೆ ನೀರು ಹಾಕಿ ಹೋಗುತ್ತಿದ್ದ. ಅಪ್ಪ ಊರಿಗೆಲ್ಲ ನೀರು ಬಿಡುವವನು, ಆದರೆ ಆ ಮಡಕೆಯ ನೀರು ಮಾತ್ರ ಮಾವನದೇ. ಅವ್ವ ಅವನೊಂದಿಗೆ ಮಾತು ಬಿಟ್ಟಿದ್ದಳು. ಆದರೂ ಸ್ವಲ್ಪ ಕಾಲದ ಮೇಲೆ ಮಡಕೆಯ ಪಕ್ಕದಲ್ಲಿ ಒಂದು ಚೆಂಬು ಮಜ್ಜಿಗೆ ಮುಚ್ಚಿಟ್ಟು ಹೋಗತೊಡಗಿದಳು. ಸಂಜೆ ಬಂದು ನೋಡಿದರೆ ಚೆಂಬು ಖಾಲಿಯಾಗಿ ಬೋರಲಾಗಿರುತ್ತಿತ್ತು. ಅವರ ನಡುವೆ ಅಷ್ಟೇ. ನಾನು ಅಂಗಡಿಗೆ ಹೋಗುವುದೂ ನಿಂತಿತ್ತು. ಬೀದಿಯಲ್ಲಿ ಕಂಡರೆ ಮಾವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮೈ ತುಂಬಿದ್ದೇನೆ ಎಂದು ಖಾತ್ರಿ ಮಾಡಿಕೊಂಡು, ತಲೆ ತಗ್ಗಿಸಿ ಹೋಗುತ್ತಿದ್ದ. ತಗ್ಗಿಸಬೇಕಾಗಿದ್ದ ತಲೆ ನನ್ನದು.

ಪಿಯುಸಿಗೆ ಕೊಳ್ಳೇಗಾಲದ ಹಾಸ್ಟೆಲ್ಲಿಗೆ ಹೊರಟ ದಿನ ಬಸ್ಸಿನ ಹತ್ತಿರ ಬಂದ. ಕೂದಲು ಆಗಲೇ ನೆರೆತಿತ್ತು. “ಅಲ್ಲಿ ಫ್ರಿಜ್ಜು ಅದಂತೆ. ಕೆಳ್ಗೇ ಮಡಗು ಕೂಸು. ಯಾರ್ ಯೋಳುದ್ರೂ ಮ್ಯಾಕೆ ಮಡಗ್ಬೇಡ” ಅಂದ. “ಮಾವ, ನನ್ಗೆ ಗೊತ್ತಿತ್ತು” ಅಂದೆ. ಮೆಲ್ಲಗೆ ಅಂದೆ. ಬಸ್ಸಿನ ಎಂಜಿನ್ನು ಗುಡುಗುತ್ತಿತ್ತು.

“ಆ?” ಎಂದು ಅವನು ಕಿವಿ ಹತ್ತಿರ ತಂದ.

“ಏನಿಲ್ಲ, ಓಗ್ಬತ್ತೀನಿ” ಎಂದು ಕೂಗಿದೆ. ಅವನು ನಕ್ಕು ಕೈ ಬೀಸಿದ.

ಓದು, ಕೆಲಸ, ಮದುವೆ... ಅಪ್ಪ ಅವ್ವನೂ ಯಳಂದೂರಿಗೆ ನನ್ನ ಹತ್ತಿರ ಬಂದರು. ಮುಂದಿನ ಸಲ ಹೋದಾಗ ಹೇಳಿದರಾಯಿತು ಎಂದುಕೊಂಡೇ ವರ್ಷಗಳು ಹೋದವು. ಮಾವ ತೀರಿಕೊಂಡ ಸುದ್ದಿ ಬಂದಾಗ ಶಾಲೆಯಲ್ಲಿ ಪರೀಕ್ಷೆ. ಹೋಗಲಾಗಲಿಲ್ಲ ಎಂದು ಎಲ್ಲರಿಗೂ ಹೇಳಿದೆ. ಹೋಗಲು ಧೈರ್ಯ ಬರಲಿಲ್ಲ, ಅದೇ ನಿಜ.

ಆ ತಳ್ಳುಗಾಡಿಯ ಮುಂದೆ ನಿಂತವಳು ತರಬೇತಿಗೆ ಹೋಗಲಿಲ್ಲ. ಹನೂರಿನ ಬಸ್ಸು ಹತ್ತಿದೆ. ಮಧ್ಯಾಹ್ನದ ಹೊತ್ತಿಗೆ ಊರಿನಲ್ಲಿದ್ದೆ. ಅಂಗಡಿಯ ಬಾಗಿಲು ಮುಚ್ಚಿತ್ತು, ಹಿಂದಿನ ಮನೆಯಲ್ಲಿ ಅತ್ತೆ ಒಬ್ಬಳೇ ಅವರೆಕಾಳು ಬಿಡಿಸುತ್ತಿದ್ದಳು. ನನ್ನನ್ನು ಗುರುತು ಹಿಡಿದು ಕೈ ಹಿಡಿದುಕೊಂಡು ಒಳಗೆ ಕರೆದಳು. ಆ ಫ್ರಿಜ್ಜು ಇನ್ನೂ ಇತ್ತು. ಕೆಟ್ಟು ಎಷ್ಟೋ ಕಾಲವಾಗಿತ್ತು, ಅತ್ತೆ ಅದರಲ್ಲಿ ಸೀರೆಗಳನ್ನೂ ರೇಷನ್ ಕಾರ್ಡನ್ನೂ ಇಟ್ಟುಕೊಂಡಿದ್ದಳು. ಮೇಲಿನ ಐಸ್ ಬಾಕ್ಸು ಮಾತ್ರ ಖಾಲಿ.

“ಅದ್ರೊಳಗೆ ಏನೂ ಮಡಗಾಕೆ ಬುಡ್ಲಿಲ್ಲ ಅವ್ರು. ಆಮ್ಯಾಕೆ ಒಂದ್ ವರ್ಸಾನೂ ಕ್ಯಾಂಡಿ ಮಾಡ್ಲಿಲ್ಲ” ಅಂದಳು ಅತ್ತೆ.

ನಾನು ಅಲ್ಲೇ ಕೂತು ಎಲ್ಲ ಹೇಳಿದೆ. ನರ್ಸಮ್ಮ ಹೇಳಿದ್ದು ನನಗೆ ನೆನಪಿದ್ದದ್ದು, ಹಿಮ ಕೆರೆದು ತಿಂದದ್ದು, ಸೀಸೆಯನ್ನು ಮುಷ್ಟಿಯಲ್ಲಿ ಕರಗಿಸಿದ್ದು, ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿಕೊಂಡದ್ದು. ಅತ್ತೆಯ ಕೈ ಅವರೆಕಾಯಿಯ ಮೇಲೆ ನಿಂತುಹೋಯಿತು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

“ನನ್ಗ್ಯಾಕವ್ವ ಯೋಳ್ತಿಯೆ?” ಅಂದಳು ಕೊನೆಗೆ. ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು, ನನ್ನ ರಟ್ಟೆ ಹಿಡಿದು ಗೋಡೆಯ ಹತ್ತಿರ ಕರೆದುಕೊಂಡು ಹೋದಳು. ಅಲ್ಲಿ ಮಾವನ ಫೋಟೋ ಇತ್ತು. “ಅವ್ರಿಗೇಳು.”

ಪಾಠ ಮಾಡಿ ಮಾಡಿ ಇಡೀ ಶಾಲೆಗೆ ಕೇಳುವ ದನಿ ನನ್ನದು. ಅಲ್ಲಿ ಅದು ಹೊರಡಲೇ ಇಲ್ಲ. ಬಸ್ಸಿನ ಹತ್ತಿರ ಅಂದಷ್ಟೇ ಮೆಲ್ಲಗೆ ಅಂದೆ, “ಮಾವ... ನನ್ಗೆ ಗೊತ್ತಿತ್ತು. ತಪ್ಪು ನಿಂದಲ್ಲ.”

ಅತ್ತೆ ನನ್ನ ಬೆನ್ನ ಮೇಲೆ ಕೈ ಇಟ್ಟಳು.

“ಇನ್ನೊಂಚೂರು ಗಟ್ಟಿಯಾಗಿ ಯೋಳವ್ವ. ಅವ್ರಿಗೆ ಕಿವಿ ಕೇಳಾಕಿಲ್ಲ.”